ಅಧ್ಯಯನ: ಛೇದವಿಲ್ಲದ ಲೆಕ್ಕಕ್ಕೆ ಈ ಹೆಸರು ಬೇಡ

"ಅಧ್ಯಯನದಿಂದ ಸಾಬೀತು" ಎಂಬ ತಲೆಬರಹದ ಕೆಳಗಿರುವುದನ್ನು ಪೂರ್ತಿ ಓದಿದರೆ ಎಷ್ಟೋ ಸಲ ಅಲ್ಲಿ ಅಧ್ಯಯನವೇ ಇರುವುದಿಲ್ಲ. ಒಬ್ಬ ವೈದ್ಯರ ಅಭಿಪ್ರಾಯ ಇರುತ್ತದೆ, ಇಲಿಗಳ ಮೇಲೆ ಮಾಡಿದ ಪ್ರಯೋಗ ಇರುತ್ತದೆ, ಇಲ್ಲವೇ ಹೆಸರು, ಊರು, ವಯಸ್ಸು ಬರೆದ ಪಟ್ಟಿ ಇರುತ್ತದೆ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಹೀಗೇ ಆಯಿತು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂಬ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಾ ಹೋಗುತ್ತಾ "ಹಾಸನದ ಅಧ್ಯಯನ" ಆಗಿಬಿಟ್ಟಿತು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಆ ಸಾವುಗಳು ನಿಜ, ಆ ಮನೆಗಳ ದುಃಖವೂ ನಿಜ. ಆದರೆ ಪಟ್ಟಿಯನ್ನು ಅಧ್ಯಯನ ಎಂದು ಕರೆದದ್ದು ತಪ್ಪು, ಹೆದರಿಕೆ ಹಬ್ಬಿದ್ದರಲ್ಲಿ ಆ ತಪ್ಪಿನ ಪಾಲೂ ಇದೆ.

ಪದದ ಮೂಲ ನೋಡಿದರೆ ಗೊಂದಲ ಹುಟ್ಟಿದ ಜಾಗ ಗೊತ್ತಾಗುತ್ತದೆ. ಅಧ್ಯಯನ ಎಂದರೆ ಗುರುವಿನ ಬಳಿ ಹೋಗಿ ಪಾಠ ಹೇಳಿಸಿಕೊಳ್ಳುವುದು, ಓದುವುದು; ವೇದಾಧ್ಯಯನ ಎನ್ನುವಾಗ ಇರುವ ಅರ್ಥ ಅದೇ. ಅಲ್ಲಿ ಓದುವ ವಿಷಯ ಮೊದಲೇ ಸತ್ಯ, ಕಲಿಯುವವನ ಕೆಲಸ ಅದನ್ನು ತಪ್ಪಿಲ್ಲದೆ ಒಪ್ಪಿಸುವುದು. ವೈದ್ಯವಿಜ್ಞಾನದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು: ವಿಷಯ ಸತ್ಯವೋ ಸುಳ್ಳೋ ಎಂಬುದೇ ಪ್ರಶ್ನೆ. ಸಂಶೋಧನೆ ಎಂಬ ಮಾತಿನಲ್ಲಿ ಶುದ್ಧಿ ಮಾಡುವ, ಶೋಧಿಸಿ ಬೇರ್ಪಡಿಸುವ ಅರ್ಥ ಇದೆ, ಹಾಗಾಗಿ ಅದೇ ಹೆಚ್ಚು ಸರಿ. ಆದರೂ ಪತ್ರಿಕೆಗಳಲ್ಲಿ ಅಧ್ಯಯನವೇ ನೆಲೆಯೂರಿದೆ, ಇರಲಿ. ಆ ಪದದ ಜೊತೆ ಬರುವ ಗೌರವವನ್ನು ಮಾತ್ರ ಎಲ್ಲಕ್ಕೂ ಒಂದೇ ಅಳತೆಯಲ್ಲಿ ಹಂಚಬಾರದು.

ಪಟ್ಟಿ ಯಾಕೆ ಅಧ್ಯಯನ ಅಲ್ಲ? ಅದರಲ್ಲಿ ಛೇದ ಇಲ್ಲ. ಭಿನ್ನರಾಶಿಯಲ್ಲಿ ಗೆರೆಯ ಮೇಲಿನ ಅಂಕಿ ಮಾತ್ರ ಕೊಟ್ಟು ಕೆಳಗಿನದನ್ನು ಮುಚ್ಚಿಟ್ಟರೆ ಏನೂ ಹೇಳಲಾಗದು. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 17.76 ಲಕ್ಷ. ವರ್ಷಕ್ಕೆ ಸಾವಿರಕ್ಕೆ ಆರು ಸಾವು ಎಂದು ಕಡಿಮೆಯೇ ಹಿಡಿದರೂ ವರ್ಷಕ್ಕೆ ಹತ್ತು ಸಾವಿರದ ಮೇಲೆ, ನಲವತ್ತು ದಿನಕ್ಕೆ 1,150ರ ಆಸುಪಾಸು ಆಗುತ್ತದೆ. ದೇಶದಲ್ಲಿ ಸಾಯುವವರ ಪೈಕಿ ಸುಮಾರು ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯವರು, ಪಾರ್ಶ್ವವಾಯು ಸೇರಿ. ಅಂದರೆ ಯಾವ ವಿಶೇಷವೂ ಇಲ್ಲದ ನಲವತ್ತು ದಿನದಲ್ಲೇ ಈ ಜಿಲ್ಲೆಯಲ್ಲಿ ಇನ್ನೂರೈವತ್ತರಿಂದ ಮುನ್ನೂರು ಇಂಥ ಸಾವು ಆಗುತ್ತವೆ ಎಂದು ಅಂದಾಜು. ಹೆಚ್ಚಿನವು ಅರವತ್ತು ದಾಟಿದವರವು, ಸುದ್ದಿಯಾಗುವುದಿಲ್ಲ. ಇಪ್ಪತ್ತು ಚಿಲ್ಲರೆ ಎಂಬುದು ಸುದ್ದಿಯಾದ ಸಾವುಗಳ ಎಣಿಕೆ, ಆದ ಸಾವುಗಳದ್ದಲ್ಲ.

ಹಾಗೆಂದು ಈ ಲೆಕ್ಕದಿಂದ ಆತಂಕವನ್ನು ತಳ್ಳಿಹಾಕುವುದೂ ಸರಿಯಲ್ಲ. ಜನ ಕೇಳಿದ್ದು ಕಿರಿಯ ವಯಸ್ಸಿನವರ ಬಗ್ಗೆ. ಅದಕ್ಕೆ ಉತ್ತರ ಬೇಕಾದರೆ 45ರ ಒಳಗಿನವರ ಛೇದ ಬೇರೆ ತೆಗೆಯಬೇಕು, ಹಿಂದಿನ ನಾಲ್ಕೈದು ವರ್ಷಗಳ ಅದೇ ತಿಂಗಳುಗಳ ಲೆಕ್ಕ ಬೇಕು, ಮನೆಯಲ್ಲಿ ಸತ್ತವರ ಸಾವಿನ ಕಾರಣವನ್ನು ಯಾರು ಹೇಗೆ ಬರೆದರು ಎಂಬುದು ಗೊತ್ತಿರಬೇಕು. ನಮ್ಮ ಹಳ್ಳಿಗಳಲ್ಲಿ ಮಲಗಿದ್ದವರು ಏಳಲಿಲ್ಲ ಎಂದರೆ "ಹಾರ್ಟ್ ಅಟ್ಯಾಕ್" ಎಂದು ಬರೆಸಿ ಮುಗಿಸುತ್ತಾರೆ. ಮರಣೋತ್ತರ ಪರೀಕ್ಷೆ ಆಗಿಲ್ಲದಿದ್ದರೆ ಅದು ಊಹೆ ಅಷ್ಟೇ. ಮಿದುಳಿನ ರಕ್ತಸ್ರಾವ, ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡ ಹೆಪ್ಪು, ವಿಷ, ಎಲ್ಲವೂ ಆ ಎರಡೇ ಪದದೊಳಗೆ ಸೇರಿಹೋಗುತ್ತವೆ.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಮಾಡಿಸಿದ್ದು ಸಾವುಗಳ ಪರಿಶೀಲನೆ. ಸುದ್ದಿಯಾದ 24 ಸಾವುಗಳನ್ನು ಒಂದೊಂದಾಗಿ ತೆಗೆದು ದಾಖಲೆ ನೋಡಿ, ಮನೆಯವರನ್ನು ವಿಚಾರಿಸಿದರು. ನಾಲ್ಕು ಸಾವಿಗೆ ಹೃದಯ ಕಾರಣವೇ ಅಲ್ಲ ಎಂದು ಕಂಡಿತು. ಅದರಲ್ಲಿ ರಸ್ತೆ ಅಪಘಾತ ಒಂದು, ವಿದ್ಯುತ್ ಆಘಾತ ಒಂದು. ಪಟ್ಟಿಗಳು ಎಷ್ಟು ಬೇಗ ಬೆಳೆಯುತ್ತವೆ ಎಂಬುದಕ್ಕೆ ಇಷ್ಟು ಸಾಕು. ಇದು ಉಪಯುಕ್ತ ಕೆಲಸ, ಆಗಲೇಬೇಕಿತ್ತು. ಆದರೆ ಇದೂ ಬರೀ ಪ್ರಕರಣಗಳ ಸರಣಿ. ಉಳಿದವರಲ್ಲಿ ಶೇ 30ರ ಆಸುಪಾಸು ಆಟೊ, ಕ್ಯಾಬ್ ಚಾಲಕರು ಎಂದು ವರದಿ ಹೇಳಿದ್ದೇ ತಡ, "ಚಾಲಕರಿಗೆ ಅಪಾಯ ಹೆಚ್ಚು: ಅಧ್ಯಯನ" ಎಂದು ಓಡತೊಡಗಿತು. ಆ ಮಾತು ಸರಿಯಿರಬಹುದು. ಈ ಅಂಕಿಯೊಂದರಿಂದಲೇ ಅದನ್ನು ಹೇಳಲಾಗದು.

ಯಾಕೆ ಎಂಬುದನ್ನು ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. ಸತ್ತವರು 20, ಅವರಲ್ಲಿ ಚಾಲಕರು 6. ಈಗ ಸತ್ತ ಒಬ್ಬೊಬ್ಬರಿಗೂ ಅದೇ ಬೀದಿಯ, ಅದೇ ವಯಸ್ಸಿನ, ಅದೇ ಲಿಂಗದ, ಬದುಕಿರುವ ನಾಲ್ವರನ್ನು ಹುಡುಕಿ. ಒಟ್ಟು 80 ಮಂದಿ. ಅವರಲ್ಲಿ 24 ಮಂದಿ ಚಾಲಕರಾದರೆ? ಸತ್ತವರಲ್ಲಿ ಚಾಲಕರಿಗೂ ಅಲ್ಲದವರಿಗೂ ಇರುವ ಅನುಪಾತ 6ಕ್ಕೆ 14, ಬದುಕಿರುವವರಲ್ಲಿ 24ಕ್ಕೆ 56. ಎರಡೂ ಒಂದೇ. ಚಾಲಕ ವೃತ್ತಿಗೂ ಸಾವಿಗೂ ನಂಟು ಕಾಣಲಿಲ್ಲ, ಆ ಬೀದಿಗಳಲ್ಲಿ ಚಾಲಕರ ಪಾಲೇ ಅಷ್ಟಿದೆ. ಬದಲಿಗೆ 80ರಲ್ಲಿ 8 ಮಂದಿ ಮಾತ್ರ ಚಾಲಕರಾಗಿದ್ದರೆ 6ಕ್ಕೆ 14ರ ಎದುರು 8ಕ್ಕೆ 72, ಭಾಗಿಸಿದರೆ 3.9ರ ಹತ್ತಿರ. ಆಗ ವಿಷಯ ಗಂಭೀರ. ಎರಡು ಸಲವೂ ಸತ್ತವರ ಪಟ್ಟಿ ಒಂದೇ, ಉತ್ತರ ಮಾತ್ರ ಬದುಕಿರುವವರಿಂದ ಬಂತು. ಇದಕ್ಕೆ ಕೇಸ್-ಕಂಟ್ರೋಲ್ ಅಧ್ಯಯನ ಎಂದು ಹೆಸರು. ಕೇಸ್ ಎಂದರೆ ಕಾಯಿಲೆ ಆದವರು, ಕಂಟ್ರೋಲ್ ಎಂದರೆ ಆಗದವರು. ಕಂಟ್ರೋಲ್ ಅನ್ನು "ನಿಯಂತ್ರಣ ಗುಂಪು" ಎಂದು ಬರೆದು ಯಾರೋ ಯಾರನ್ನೋ ಹತೋಟಿಯಲ್ಲಿಟ್ಟಂತೆ ಮಾಡುವುದು ಬೇಡ. ಹೋಲಿಕೆಯ ಗುಂಪು ಎಂದರೆ ಸಾಕು.

ಈ ಬಗೆಯ ಅಧ್ಯಯನ ಕೆಡುವುದು ಹೋಲಿಕೆಯ ಗುಂಪನ್ನು ಆರಿಸುವಾಗ. ಆಸ್ಪತ್ರೆಗೆ ಬೇರೆ ಕಾಯಿಲೆಗೆ ಬಂದವರನ್ನೇ ಹಿಡಿದರೆ ಸುಲಭ, ಆದರೆ ಅವರು ಊರಿನ ಜನರಂತೆ ಇರುವುದಿಲ್ಲ. ಲಂಡನ್ನಿನಲ್ಲಿ ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು 1950ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ 709 ರೋಗಿಗಳನ್ನು ಇತರ 709 ರೋಗಿಗಳಿಗೆ ಹೋಲಿಸಿ ಸಿಗರೇಟಿನ ನಂಟು ತೋರಿಸಿದರು. ಆ ಇತರರಲ್ಲೂ ಸಿಗರೇಟಿನಿಂದಲೇ ಬೇರೆ ಕಾಯಿಲೆ ಬಂದವರು ಇದ್ದದ್ದರಿಂದ ಅಪಾಯ ನಿಜಕ್ಕಿಂತ ಕಡಿಮೆ ಕಂಡಿತು. ಇನ್ನೊಂದು ತೊಂದರೆ ನೆನಪಿನದು. ಮಗನನ್ನು ಕಳೆದುಕೊಂಡ ತಾಯಿ ಅವನ ಕೊನೆಯ ವಾರದ ಪ್ರತಿ ಗಂಟೆಯನ್ನೂ ಮತ್ತೆ ಮತ್ತೆ ನೆನೆದಿರುತ್ತಾಳೆ. ಪಕ್ಕದ ಮನೆಯವನಿಗೆ ಹೋದ ಮಂಗಳವಾರ ಎದೆ ಉರಿದಿತ್ತೇ ಎಂಬುದು ಅವನಿಗೇ ನೆನಪಿರುವುದಿಲ್ಲ. ಇಬ್ಬರಿಗೂ ಒಂದೇ ಪ್ರಶ್ನಾವಳಿ ಕೊಟ್ಟರೂ ಉತ್ತರದ ತೂಕ ಬೇರೆ.

ದೇಶಮಟ್ಟದಲ್ಲಿ ಹಠಾತ್ ಸಾವಿನ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ್ದು ಇದೇ ಬಗೆಯದು, 2023ರಲ್ಲಿ ಪ್ರಕಟವಾಯಿತು. 47 ಆಸ್ಪತ್ರೆಗಳಿಂದ, 18ರಿಂದ 45 ವಯಸ್ಸಿನ 729 ಹಠಾತ್ ಸಾವುಗಳು. ಹೋಲಿಕೆಗೆ ಅದೇ ವಯಸ್ಸು, ಲಿಂಗ, ನೆರೆಹೊರೆಯ 2,916 ಮಂದಿ, ಅಂದರೆ ಒಂದಕ್ಕೆ ನಾಲ್ಕು. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದದ್ದು ಅಥವಾ ವಿಪರೀತ ದೇಹಶ್ರಮ ಮಾಡಿದ್ದು, ಇವುಗಳ ನಂಟು ಕಂಡಿತು. ಕೋವಿಡ್ ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವು ಕಡಿಮೆಯೇ ಇತ್ತು. ಹಾಸನದ ಪಟ್ಟಿಗೆ "ಲಸಿಕೆಯೇ ಕಾರಣ" ಎಂಬ ಅಡಿಬರಹ ಸೇರಿಸಿದವರು ಇದನ್ನು ಓದಬೇಕಿತ್ತು. ಇತ್ತ "ಲಸಿಕೆ ಹಠಾತ್ ಸಾವನ್ನು ಅರ್ಧಕ್ಕೆ ಇಳಿಸಿತು" ಎಂದು ಹಂಚಿದವರೂ ಅವಸರ ಮಾಡಿದ್ದಾರೆ. ಎರಡು ಡೋಸ್ ಹಾಕಿಸಿಕೊಂಡವರು ಮೊದಲಿನಿಂದಲೂ ಆರೋಗ್ಯದ ಬಗ್ಗೆ ಹೆಚ್ಚು ಎಚ್ಚರ ಇದ್ದವರಾಗಿರಬಹುದು. ಆ ವ್ಯತ್ಯಾಸವನ್ನು ಈ ಬಗೆಯ ಅಧ್ಯಯನ ಪೂರ್ತಿ ತೊಳೆಯಲಾರದು. ಇನ್ನು "ಐದು ಪಟ್ಟು ಅಪಾಯ" ಎಂಬಂಥ ಮಾತು. ಲಕ್ಷಕ್ಕೆ ಎರಡು ಇದ್ದದ್ದು ಐದು ಪಟ್ಟಾದರೆ ಲಕ್ಷಕ್ಕೆ ಹತ್ತು. ಪಟ್ಟು ಹೇಳುವವರು ಮೂಲ ಎಷ್ಟಿತ್ತು ಎಂಬುದನ್ನೂ ಹೇಳಲಿ.

ಕಾಯಿಲೆ ಬರುವ ಮೊದಲೇ ಜನರನ್ನು ಗುರುತಿಟ್ಟುಕೊಂಡು ವರ್ಷಗಟ್ಟಲೆ ಹಿಂಬಾಲಿಸುವುದು ಕೋಹಾರ್ಟ್. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5,209 ಮಂದಿಯಿಂದ ಶುರುವಾದದ್ದು ಇದಕ್ಕೆ ದೊಡ್ಡ ಮಾದರಿ. ಬಿಪಿ, ಕೊಲೆಸ್ಟ್ರಾಲ್ ಹೃದಯಕ್ಕೆ ಕೆಡುಕು ಎಂದು ನಾವು ಇಂದು ಸಲೀಸಾಗಿ ಹೇಳುವುದರ ಹಿಂದೆ ಆ ಊರಿನವರು ಎರಡು ವರ್ಷಕ್ಕೊಮ್ಮೆ ಬಂದು ಮಾಡಿಸಿಕೊಂಡ ತಪಾಸಣೆಗಳಿವೆ.

ಟ್ರಯಲ್ ಎಂಬುದು ಬೇರೆಯದೇ ಜಾತಿ. ಇಲ್ಲಿ ನೋಡುತ್ತಾ ಕೂರುವುದಿಲ್ಲ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ಹಂಚುತ್ತಾರೆ. ಯಾಕೆ ಚೀಟಿ ಎಂದು ಚಿಕ್ಕಮಗಳೂರಿನ ತೋಟದವರಿಗೆ ವಿವರಿಸಬೇಕಿಲ್ಲ: ಹೊಸ ಗೊಬ್ಬರವನ್ನು ಹಳ್ಳದ ಬದಿಯ ಪಟ್ಟೆಗೆ ಮಾತ್ರ ಹಾಕಿ, ಗುಡ್ಡದ ನೆತ್ತಿಯ ಕಾಫಿಗಿಂತ ಫಸಲು ಹೆಚ್ಚು ಬಂತು ಎಂದರೆ ಅದು ಗೊಬ್ಬರದ ಗುಣವೋ ನೀರಿನದೋ? ಚೀಟಿ ಎತ್ತುವ ಈ ಕ್ರಮ ಬೆಳೆದದ್ದೇ ಹೊಲದ ಪ್ರಯೋಗಗಳಲ್ಲಿ, 1920ರ ದಶಕದ ಇಂಗ್ಲೆಂಡಿನಲ್ಲಿ. ಔಷಧಕ್ಕೆ ಬಂದದ್ದು ಆಮೇಲೆ. 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಕ್ಷಯದ 107 ರೋಗಿಗಳಿದ್ದರು. ಆರು ತಿಂಗಳಲ್ಲಿ ಔಷಧ ಸಿಕ್ಕ 55 ಮಂದಿಯಲ್ಲಿ 4 ಸಾವು, ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ನಮ್ಮ ಪಕ್ಕದ ಮದ್ರಾಸಿನಲ್ಲಿ 1950ರ ದಶಕದ ಕೊನೆಗೆ ಕ್ಷಯರೋಗಿಗಳನ್ನು ಸ್ಯಾನಿಟೋರಿಯಂ (ಕ್ಷಯದವರನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆ), ಮನೆ ಎಂದು ಹೀಗೇ ಹಂಚಿ, ಮನೆಯಲ್ಲೇ ಮಾತ್ರೆ ನುಂಗಿದವರೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿದರು. ಕ್ಷಯ ಎಂದೊಡನೆ ಮನೆ ಬಿಟ್ಟು ಸ್ಯಾನಿಟೋರಿಯಂ ಸೇರಬೇಕಿದ್ದ ಕಾಲ ಮುಗಿದದ್ದರಲ್ಲಿ ಆ ಒಂದು ಟ್ರಯಲ್‌ನ ಪಾಲು ದೊಡ್ಡದು.

ಚೀಟಿ ಎತ್ತದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನದೇ ಉದಾಹರಣೆ ಇದೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾಗಿ, ಆಮೇಲೆ ಕೊಪ್ಪ, ಎನ್.ಆರ್. ಪುರದ ಕಡೆಗೂ ಬಂತು. ಅದರ ಹಳೆಯ ಲಸಿಕೆ 1990-92ರ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಡೋಸ್‌ಗೆ ಶೇ 79.3, ಎರಡಕ್ಕೆ ಶೇ 93.5 ರಕ್ಷಣೆ ಕೊಟ್ಟಿತು ಎಂದು ವರದಿಯಾಯಿತು. 2005-10ರ ಲೆಕ್ಕ ತೆಗೆದಾಗ ಒಂದು ಡೋಸ್‌ನಿಂದ ಪ್ರಯೋಜನವೇ ಕಾಣಲಿಲ್ಲ, ಎರಡಕ್ಕೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಎರಡೂ ಸಲ ಹೋಲಿಸಿದ್ದು ಲಸಿಕೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರ ಜೊತೆ. ಸೌದೆಗೆ, ಸೊಪ್ಪಿಗೆ ದಿನಾ ಕಾಡಿಗೆ ಹೋಗಿ ಈ ಕಾಯಿಲೆ ಹರಡುವ ಉಣ್ಣೆ ಹುಳದಿಂದ ಕಚ್ಚಿಸಿಕೊಳ್ಳುವವರು ಲಸಿಕೆಗೆ ಮುಂದೆ ಬಂದರೋ, ಮನೆಯಲ್ಲೇ ಇರುವವರು ಬಂದರೋ ಎಂಬುದರ ಮೇಲೆ ಶೇಕಡಾವಾರು ಆಚೀಚೆ ಆಗಬಹುದು. ಹಾಗಿದ್ದರೂ ಶೇ 93.5 ಎಂಬ ಅಂಕಿಯನ್ನು ಮಾತ್ರ ಹೆಕ್ಕಿ ವರ್ಷಗಳ ಕಾಲ ಭಾಷಣಗಳಲ್ಲಿ ಬಳಸಿದ್ದು ತಪ್ಪು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ಹೊಸದು ಬಂದಾಗ "ಅಧ್ಯಯನದಲ್ಲಿ ಯಶಸ್ವಿ" ಎಂಬ ಸುದ್ದಿಯನ್ನು ಓದುವವರು ಅದು ಎಷ್ಟನೇ ಹಂತ ಎಂದು ಕೇಳಬೇಕು. ಮೊದಲ ಹಂತದಲ್ಲಿ ಕೆಲವೇ ಹತ್ತಾರು ಆರೋಗ್ಯವಂತರಲ್ಲಿ ಸುರಕ್ಷೆ ನೋಡುತ್ತಾರೆ. ಕಾಯಿಲೆ ತಡೆಯುತ್ತದೆಯೇ ಎಂಬ ಉತ್ತರ ಬರುವುದು ಸಾಮಾನ್ಯವಾಗಿ ಮೂರನೇ ಹಂತದಲ್ಲಿ.

ಇಲ್ಲಿ ನಡೆಯುವ ಟ್ರಯಲ್‌ಗಳನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಭಾರತದಲ್ಲಿ ಔಷಧ, ಲಸಿಕೆಗಳ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಎಷ್ಟು ಮಂದಿ, ಯಾವ ಆಸ್ಪತ್ರೆ, ಏನನ್ನು ಅಳೆಯುತ್ತಾರೆ ಎಂಬುದನ್ನು ಮೊದಲ ರೋಗಿ ಸೇರುವ ಮುಂಚೆಯೇ ಅಲ್ಲಿ ಬರೆದಿರಬೇಕು. ಆಮೇಲೆ ಪ್ರಕಟವಾದ ವರದಿ ಬೇರೇನನ್ನೋ ಅಳೆದಿದ್ದರೆ ಅನುಮಾನ ಪಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ "ಅಧ್ಯಯನಕ್ಕೆ ಸೇರುತ್ತೀರಾ" ಎಂದು ಕೇಳಿದರೆ ಹೆಚ್ಚಿನ ಸಲ ಅದು ಪಿಜಿ ವಿದ್ಯಾರ್ಥಿಯ ಪ್ರಬಂಧಕ್ಕೆ ಮಾಹಿತಿ ಸಂಗ್ರಹ. ಹೊಸ ಔಷಧದ ಟ್ರಯಲ್ ಆಗಿರುವುದು ವಿರಳ. ಯಾವುದು ಎಂದು ನೇರ ಕೇಳಿ. ಎರಡಕ್ಕೂ ನೈತಿಕ ಸಮಿತಿಯ ಅನುಮತಿ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ, ನಿಮಗೆ ತಿಳಿಯುವಂತೆ ಇರಬೇಕು. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಬೇಡ ಎಂದರೂ, ಮಧ್ಯದಲ್ಲಿ ಬಿಟ್ಟರೂ ನಿಮ್ಮ ಮಾಮೂಲಿ ಚಿಕಿತ್ಸೆಗೆ ಅಡ್ಡಿ ಆಗುವಂತಿಲ್ಲ. ಔಷಧದ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಟ್ರಯಲ್ ನಡೆಸುವವರದು. ಸಹಿ ಹಾಕಿದ ಮೇಲೆ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ಅದರಲ್ಲಿ ಸಮಿತಿಯ ಸಂಪರ್ಕ ಸಂಖ್ಯೆ ಇದೆಯೇ ಎಂದು ನೋಡಿಯೇ ಮನೆಗೆ ಹೊರಡಿ.