ಬಿಪಿ ನಾರ್ಮಲ್ ಆಯ್ತು, ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನನಗೆ 52 ವರ್ಷ. ಎರಡು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ 124/80 ಬರುತ್ತಿದೆ. ತಲೆನೋವು, ತಲೆಸುತ್ತು ಏನೂ ಇಲ್ಲ. ಮಾತ್ರೆ ಬಿಡಬಹುದೇ? ಜಾಸ್ತಿ ದಿನ ನುಂಗಿದರೆ ಹೃದಯಕ್ಕೆ ಕೆಟ್ಟದ್ದಲ್ವಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಆ 124/80 ಬಹುಮಟ್ಟಿಗೆ ಮಾತ್ರೆಯದೇ ಕೆಲಸ. ಬಿಟ್ಟರೆ ಹೆಚ್ಚಿನವರಿಗೆ ಕೆಲವೇ ದಿನ ಅಥವಾ ವಾರಗಳಲ್ಲಿ ಬಿಪಿ ಮತ್ತೆ ಏರುತ್ತದೆ. ಏರಿದ್ದು ಗೊತ್ತೂ ಆಗುವುದಿಲ್ಲ. ತಲೆನೋವು ಬಂದರೆ ಮಾತ್ರ ಬಿಪಿ ಅನ್ನೋದು ನಮ್ಮಲ್ಲಿ ಎಷ್ಟು ಹೇಳಿದರೂ ಹೋಗದ ನಂಬಿಕೆ.

ಹೃದಯಕ್ಕೆ ಕೆಟ್ಟದ್ದು ಮಾತ್ರೆಯಲ್ಲ, ಏರಿದ ಬಿಪಿ. ಹೃದಯದ ಎಡಭಾಗದ ಕೆಳಕೋಣೆ ದಿನಕ್ಕೆ ಸುಮಾರು 1 ಲಕ್ಷ ಸಲ ರಕ್ತವನ್ನು ಮೈಗೆಲ್ಲ ತಳ್ಳುತ್ತದೆ. ರಕ್ತನಾಳದಲ್ಲಿ ಒತ್ತಡ ಜಾಸ್ತಿಯಿದ್ದರೆ ಪ್ರತಿ ಸಲವೂ ಹೆಚ್ಚು ಬಲ ಹಾಕಬೇಕು. ವರ್ಷಗಟ್ಟಲೆ ಹೀಗೇ ಆದರೆ ಅದರ ಗೋಡೆ ದಪ್ಪವಾಗಿ ಬಿಗಿಯಾಗುತ್ತದೆ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್‌ನಲ್ಲಿ ‘ಎಲ್‌ವಿಎಚ್’ ಎಂದು ಬರೆಯುವುದು ಇದನ್ನೇ. ಬಿಗಿಯಾದ ಕೋಣೆಗೆ ರಕ್ತ ಸರಿಯಾಗಿ ತುಂಬುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಶುರು. ಇನ್ನೊಂದು ಕಡೆ, ಹೃದಯಕ್ಕೇ ರಕ್ತ ಕೊಡುವ ನಾಳಗಳ ಒಳಪದರ ಹಾಳಾಗಿ ಅಲ್ಲಿ ಕೊಬ್ಬು ಕೂರುತ್ತದೆ. ಹಾರ್ಟ್ ಅಟ್ಯಾಕ್‌ಗೆ ದಾರಿಯಾಗುವುದು ಇದು.

ಮಾತ್ರೆ ಇಲ್ಲದ ಕಾಲ ಹೇಗಿತ್ತು ನೋಡಿ. 1944ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಿಪಿ 186/108 ಇತ್ತು, ಹೃದಯ ದೊಡ್ಡದಾಗಿತ್ತು. ಉಪ್ಪು ಕಡಿಮೆ ಮಾಡಿಸಿದರು, ವಿಶ್ರಾಂತಿ ಹೇಳಿದರು. ಬಿಪಿ ಇಳಿಸುವ ಒಳ್ಳೆಯ ಔಷಧ ಆಗ ಇರಲಿಲ್ಲ. ಮರುವರ್ಷ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆಗ ಅವರಿಗೆ 63.

ಹಾಗಂತ ಡೋಸ್ ಎಂದೂ ಇಳಿಯುವುದೇ ಇಲ್ಲ ಅಂತಲ್ಲ. ತೂಕ ಇಳಿಸಿ, ಕುಡಿತ ಬಿಟ್ಟು, ಉಪ್ಪು ಕಡಿಮೆ ಮಾಡಿದವರಿಗೆ ವೈದ್ಯರೇ ನಿಧಾನಕ್ಕೆ ಇಳಿಸುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಸಾರಿಗೆ ಉಪ್ಪು ಕಡಿಮೆ ಹಾಕಿ, ಮೊಸರನ್ನಕ್ಕೆ ಉಪ್ಪಿನಕಾಯಿ, ಹಪ್ಪಳ ಎರಡೂ ಬೇಕು ಅಂದರೆ ಲೆಕ್ಕ ತಪ್ಪುತ್ತದೆ. ಸೈಂಧವ ಲವಣವೂ ಉಪ್ಪೇ.

ಬಿಪಿ ಮಾತ್ರೆ ಅಮ್ಲೊಡಿಪಿನ್‌ನಿಂದ ಪಾದ ಊದಿಕೊಂಡರೆ ಸುಮ್ನೆ ಬಿಟ್ಟುಬಿಡಬೇಡಿ, ಬೇರೆ ಮಾತ್ರೆ ಕೇಳಿ. ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆಗಳಿದ್ದರಂತೂ ದಿಢೀರ್ ನಿಲ್ಲಿಸಲೇಬಾರದು. ಎದೆಬಡಿತ ಏರಿ ಎದೆನೋವು ಬರಬಹುದು.

ಮುಂದಿನ ಸಲ ವೈದ್ಯರ ಹತ್ತಿರ ಹೋಗುವ ಮೊದಲು ಒಂದು ವಾರ ಮನೆಯಲ್ಲೇ ಬೆಳಿಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿ. ಆ ಚೀಟಿಯನ್ನೇ ವೈದ್ಯರಿಗೆ ತೋರಿಸಿ ಡೋಸ್ ಇಳಿಸಬಹುದಾ ಅಂತ ಕೇಳಿ.