ಮಕ್ಕಳ ಜೊತೆ ಬೆಟ್ಟಕ್ಕೆ ಹೊರಡೋ ಮುಂಚೆ ವಾಪಸ್ ತಿರುಗೋ ಟೈಮ್ ಬರೆದಿಡಿ

ಮಲೆನಾಡಲ್ಲಿ ಫ್ಯಾಮಿಲಿಗಳನ್ನ ಬೆಟ್ಟ ಹತ್ತಿಸೋ ಕೆಲಸ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು, ಫೋನ್ ಮಾಡೋರು ಇವತ್ತಿಗೂ ಮೊದಲು ಕೇಳೋದು ಒಂದೇ, "ಎಷ್ಟು ಕಿಲೋಮೀಟರ್ ಇದೆ, ಆರು ವರ್ಷದ ಮಗು ಹತ್ತುತ್ತಾ?" ಅಂತ. ನಾನು ವಾಪಸ್ ಕೇಳೋದು, ನಿಮ್ಮ ಮಗು ಯಾರೂ ಎತ್ಕೊಳ್ಳದೆ ಒಂದೇ ಸಲಕ್ಕೆ ಎಷ್ಟು ಹೊತ್ತು ನಡೆದಿದ್ದು ನೋಡಿದೀರಿ? ತುಂಬಾ ಜನಕ್ಕೆ ಗೊತ್ತಿರಲ್ಲ. ಹಾಗಿದ್ರೆ ಮುಂದಿನ ಎರಡು ಭಾನುವಾರ ಊರಿನ ಕೆರೆ ಏರಿ ಮೇಲೋ ಹತ್ತಿರದ ಪಾರ್ಕಲ್ಲೋ ಒಂದೂವರೆ ಗಂಟೆ ನಡೆಸಿ, ಹಾಕ್ಕೊಂಡು ಬರೋ ಶೂನಲ್ಲೇ ನಡೆಸಿ, ಆಮೇಲೆ ಫೋನ್ ಮಾಡಿ ಅಂತೀನಿ.

ಯಾಕಂದ್ರೆ ಮಕ್ಕಳಿಗೆ ಬೆಟ್ಟದ ಲೆಕ್ಕ ಕಿಲೋಮೀಟರಲ್ಲಿ ಇರಲ್ಲ, ಗಂಟೆಯಲ್ಲಿ ಇರುತ್ತೆ. ನೇಯ್‌ಸ್ಮಿತ್ ಅನ್ನೋ ಸ್ಕಾಟ್ಲೆಂಡಿನವರು 1892ರಲ್ಲಿ ಒಂದು ಲೆಕ್ಕ ಹೇಳಿದ್ರು, ಹೆಚ್ಚು ಕಮ್ಮಿ ಐದು ಕಿಮೀಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೂರು ಕಿಮೀ ದಾರಿ, 300 ಮೀಟರ್ ಏರು ಅಂದ್ರೆ ಗಟ್ಟಿಮುಟ್ಟಾದ ದೊಡ್ಡವರಿಗೆ ಒಂದು ಗಂಟೆ ಆರು ನಿಮಿಷ. ಹತ್ತು ವರ್ಷದೊಳಗಿನ ಮಗು ಇದ್ರೆ ನಾನು ಅದನ್ನ ಸೀದಾ ಡಬಲ್ ಮಾಡ್ತೀನಿ, ಅದರ ಮೇಲೆ ತಿನ್ನೋಕೆ, ಕೂರೋಕೆ, ಸುಸ್ಸು ಮಾಡ್ಸೋಕೆ ಅಂತ ಗಂಟೆಗೆ ಹದಿನೈದು ನಿಮಿಷ ಸೇರಿಸ್ತೀನಿ. ಹತ್ತೋಕೆ ಮೂರು ಗಂಟೆ ಹತ್ತಿರ ಬಂತು. ಇಳಿಯೋಕೆ ಅರ್ಧ ಸಾಕು ಅಂತ ಯಾವತ್ತೂ ಅಂದ್ಕೋಬೇಡಿ, ಮಕ್ಕಳು ಬೀಳೋದೇ ಇಳಿಯುವಾಗ, ಕಾಲು ಸೋತಿರುತ್ತೆ, ಮನಸ್ಸು ಆಗಲೇ ಜೀಪಲ್ಲಿರೋ ಚಿಪ್ಸ್ ಪ್ಯಾಕೆಟ್ ಕಡೆ ಹೋಗಿರುತ್ತೆ.

ಹಾಗಾಗಿ ನಾನು ಮನೇಲೇ ಒಂದು ಚೀಟಿ ಬರೀತೀನಿ. ಅದರಲ್ಲಿ ಬೆಟ್ಟದ ತುದಿ ಹೆಸರು ಇರಲ್ಲ, ತಿರುಗೋ ಟೈಮ್ ಇರುತ್ತೆ. ಡಿಸೆಂಬರಲ್ಲಿ ನಮ್ಮ ಕಡೆ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗ್ತಾನೆ, ಬೆಟ್ಟದ ಸಂದಿಯ ದಟ್ಟ ಶೋಲಾ ಕಾಡಿನ ಒಳಗಂತೂ ಐದೂವರೆಗೇ ಕಾಲು ಇಡೋ ಜಾಗ ಕಾಣಲ್ಲ, ಅದಕ್ಕೆ ನಾಲ್ಕು ಗಂಟೆಗೆ ಗಾಡಿ ಹತ್ತಿರ ಇರಬೇಕು ಅಂತ ಹಿಂದಕ್ಕೆ ಎಣಿಸ್ಕೊಂಡು ಬರ್ತೀನಿ. ಹನ್ನೆರಡೂವರೆ ಅಂತ ಬರೆದಿದ್ರೆ ಹನ್ನೆರಡೂವರೆಗೆ ಎಲ್ಲಿದೀವೋ ಅಲ್ಲಿಂದ ವಾಪಸ್. ಈ ಟೈಮನ್ನ ಬೆಳಿಗ್ಗೆನೇ ಮಕ್ಕಳಿಗೆ ಹೇಳಿಬಿಡಿ, ಮೇಲೆ ಹೋಗಿ ಹೇಳಿದ್ರೆ ಅವರಿಗೆ ತಾವು ಸೋತ್ವಿ ಅನ್ಸುತ್ತೆ.

ಈ ಚೀಟಿ ಅಭ್ಯಾಸ ಬಂದಿದ್ದು ತಡಿಯಂಡಮೋಳ್ ಮೇಲೆ. ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್, ಬುಡದಲ್ಲಿ 1792ರ ನಾಲ್ಕುನಾಡು ಅರಮನೆ ಇದೆ. ಒಂದು ಕುಟುಂಬ, ಏಳು ವರ್ಷದ ಹುಡುಗ. ಕೊನೇ ಕಡಿದಾದ ಏರಿಗೆ ಮುಂಚೆ ಮಂಜು ಬಂತು, ಗಾಳಿ ಶುರು ಆಯ್ತು, ಅಪ್ಪ ಇಷ್ಟು ದೂರ ಬಂದಿದೀವಿ ಇನ್ನು ಅರ್ಧ ಗಂಟೆ ಅಂದ್ರು, ನಾನೂ ಬೇಡ ಅಂತ ಗಟ್ಟಿಯಾಗಿ ಹೇಳ್ಲಿಲ್ಲ, ಅದು ನನ್ನ ತಪ್ಪೇ. ಹುಡುಗ ಮೊದಲು ತುಂಬಾ ಮಾತಾಡ್ತಿದ್ದ, ಆಮೇಲೆ ಮಾತು ಕಮ್ಮಿ ಆಯ್ತು, ನಾವು ಸುಸ್ತಾಗಿದೆ ಅಂದ್ಕೊಂಡ್ವಿ. ಬಿಸ್ಕೆಟ್ ಕೊಟ್ಟಾಗ ಪ್ಯಾಕೆಟ್ ಹರಿಯೋಕೆ ಅವನ ಬೆರಳು ಬಗ್ತಿರ್ಲಿಲ್ಲ. ತುಟಿ ನೋಡಿದ್ರೆ ನೀಲಿ, ಬೆನ್ನು ಮುಟ್ಟಿದ್ರೆ ಟೀಶರ್ಟ್ ಬೆವರಲ್ಲಿ ಒದ್ದೆ, ಮೇಲೆ ತೆಳ್ಳಗಿನ ಜಾಕೆಟ್. ಅಲ್ಲೇ ಬಂಡೆ ಮರೆಯಲ್ಲಿ ಕೂರಿಸಿ ಒದ್ದೆ ಬಟ್ಟೆ ಬಿಚ್ಚಿ, ನನ್ನ ಒಣ ಸ್ವೆಟರ್ ಹಾಕಿ, ಅಮ್ಮ ಅವನನ್ನ ತಬ್ಕೊಂಡು ಕೂತ್ರು, ಫ್ಲಾಸ್ಕಲ್ಲಿದ್ದ ಬಿಸಿ ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸಿದ್ವಿ. ಇಪ್ಪತ್ತು ನಿಮಿಷ ಆದ್ಮೇಲೆ "ಅಮ್ಮ ಇನ್ನೊಂದು ಬಿಸ್ಕೆಟ್" ಅಂದ, ನನಗೆ ಜೀವ ಬಂತು. ಅಲ್ಲಿಂದಲೇ ಇಳಿದ್ವಿ.

ಇದರ ಹಿಂದಿನ ಲೆಕ್ಕ ಅಪ್ಪ ಅಮ್ಮಂದಿರಿಗೆ ಗೊತ್ತಿರಬೇಕು. ಸಾವಿರ ಮೀಟರ್ ಮೇಲೆ ಹೋದ್ರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತೆ. ಚಿಕ್ಕಮಗಳೂರು ಊರಿಂದ 1930 ಮೀಟರಿನ ಮುಳ್ಳಯ್ಯನಗಿರಿ ತುದಿಗೆ ಬಂದ್ರೆ ಐದಾರು ಡಿಗ್ರಿ ವ್ಯತ್ಯಾಸ, ಅದರ ಮೇಲೆ ಹುಲ್ಲುಗಾವಲಿನ ಬೋಳು ಏರಿನಲ್ಲಿ ತಡೆಯೇ ಇಲ್ಲದ ಗಾಳಿ. ಮಕ್ಕಳ ಮೈ ತೂಕಕ್ಕೆ ಹೋಲಿಸಿದ್ರೆ ಚರ್ಮದ ಹರವು ಜಾಸ್ತಿ, ಬೇಗ ಶಾಖ ಕಳ್ಕೊಳ್ತಾರೆ. ಬೆನ್ನ ಮೇಲೆ ಹೊತ್ಕೊಂಡು ಹೋಗೋ ಪುಟ್ಟ ಮಕ್ಕಳದು ಇನ್ನೂ ಹುಷಾರಾಗಿ ನೋಡ್ಬೇಕು, ನೀವು ಹತ್ತುತ್ತಾ ಬೆವರ್ತಿರ್ತೀರಿ, ಮಗು ಅಲ್ಲಾಡದೆ ಕೂತು ತಣ್ಣಗಾಗ್ತಿರುತ್ತೆ. ಅರ್ಧ ಗಂಟೆಗೊಂದ್ಸಲ ಇಳಿಸಿ, ಪಾದ ಮುಟ್ಟಿ ನೋಡಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ, ಒಂದು ಟೋಪಿ ನನ್ನ ಬ್ಯಾಗಲ್ಲಿ ಬೇಸಿಗೆಯಲ್ಲೂ ಇರುತ್ತೆ.

ಹಾಗಾದ್ರೆ ಎಲ್ಲಿಗೆ ಹೋಗೋದು? ಮೊದಲ ಸಲ ಹೊರಡೋ ಫ್ಯಾಮಿಲಿಗೆ ನಾನು ಹೇಳೋದು ಕವಲೇದುರ್ಗ. ತೀರ್ಥಹಳ್ಳಿಯಿಂದ ಹತ್ತಿರ ಹತ್ತಿರ 18 ಕಿಮೀ, ಕೆಳದಿ ನಾಯಕರ ಕೋಟೆ, ಗದ್ದೆ ಪಕ್ಕದಿಂದ ದಾರಿ ಶುರುವಾಗಿ ಕಾಡಿನ ಒಳಗೆ ಕಲ್ಲು ಹಾಸಿದ ಹಾದಿ, ಒಂದಾದ್ಮೇಲೆ ಒಂದು ಹೆಬ್ಬಾಗಿಲು. ಮಕ್ಕಳಿಗೆ ಇದು ಯಾಕೆ ಒಗ್ಗುತ್ತೆ ಅಂದ್ರೆ ಹತ್ತು ಹದಿನೈದು ನಿಮಿಷಕ್ಕೆ ನೋಡೋಕೆ ಏನೋ ಒಂದು ಸಿಗುತ್ತೆ, ತುದಿ ತನಕ ಕಾಯೋದು ಬೇಡ. ಮೇಲೆ ಅರಮನೆಯ ಅಡಿಪಾಯದ ಹತ್ತಿರ ಐದು ಬಾಯಿಯ ಕಲ್ಲಿನ ಒಲೆ ಇದೆ, ನಾನು ಮಕ್ಕಳಿಗೆ ಇಲ್ಲಿ ಅಡಿಗೆಮನೆ ಎಲ್ಲಿತ್ತು ಹುಡುಕಿ ಅಂತ ಬಿಟ್ಬಿಡ್ತೀನಿ. ಒಬ್ಬಳು ಹುಡುಗಿ ಒಲೆ ತನಕ ಬರಲೇ ಇಲ್ಲ, ಎರಡನೇ ಬಾಗಿಲ ಹತ್ತಿರ ಒಂದು ಸಗಣಿ ಹುಳ ಉಂಡೆ ಉರುಳಿಸ್ಕೊಂಡು ಹೋಗ್ತಿತ್ತು, ಹಿಂಗಾಲಲ್ಲಿ ತಳ್ಳುತ್ತೆ, ಉಂಡೆ ಕಲ್ಲಿನ ಸಂದಿಗೆ ಬೀಳುತ್ತೆ, ಮತ್ತೆ ಎತ್ತುತ್ತೆ, ಅವಳು ಮಂಡಿ ಊರಿ ಕೂತು ಇಪ್ಪತ್ತು ನಿಮಿಷ ನೋಡಿದ್ಳು. ಅಮ್ಮ ಲೇಟಾಗುತ್ತೆ ಅಂತ ಎಬ್ಬಿಸೋಕೆ ಹೋದ್ರು, ನಾನು ಬಿಡಿ ಅಂದೆ. ತಿರುಗೋ ಟೈಮ್ ಗಟ್ಟಿಯಾಗಿ ಇಟ್ಕೊಂಡಿದ್ರೆ ನಡುವಿನ ಟೈಮೆಲ್ಲ ಮಕ್ಕಳದೇ ತಾನೆ. ಮಳೆಗಾಲದಲ್ಲಿ ಮಾತ್ರ ಆ ಹಾಸುಗಲ್ಲು ಪಾಚಿ ಕಟ್ಟಿ ಸಿಕ್ಕಾಪಟ್ಟೆ ಜಾರುತ್ತೆ, ತಳದಲ್ಲಿ ಒಳ್ಳೆ ಹಿಡಿತ ಇರೋ ಶೂ ಇಲ್ದೆ ಬರ್ಬೇಡಿ.

ಕೊಡಚಾದ್ರಿ 1343 ಮೀಟರ್, ಜೀಪಲ್ಲಿ ಮೇಲಿನ ತನಕ ಹೋಗಿ ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದ್ರೆ ದೊಡ್ಡ ಮಕ್ಕಳಿಗೆ ಚೆನ್ನಾಗಿರುತ್ತೆ, ಆದ್ರೆ ಆ ಜೀಪ್ ದಾರಿ ಕುಲುಕಾಟ ಭಯಂಕರ, ಹೊಟ್ಟೆ ತುಂಬ ಇಡ್ಲಿ ತಿನ್ನಿಸಿ ಹತ್ತಿಸ್ಬೇಡಿ. ಕುಮಾರ ಪರ್ವತ ಬೇಡ, ಹದಿನೈದು ವರ್ಷದ ಒಳಗಿನವರನ್ನ ನಾನು ಕರ್ಕೊಂಡು ಹೋಗಲ್ಲ, ಕುಕ್ಕೆ ಕಡೆಯಿಂದ ಏರೂ ಉದ್ದ ನೆರಳೂ ಕಮ್ಮಿ. 2024ರ ಜನವರಿ ರಜೆಯಲ್ಲಿ ಅಲ್ಲಿ ಜನ ಮುಗಿಬಿದ್ದಿದ್ದು ಎಲ್ಲರೂ ನೋಡಿದ್ರಿ, ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂತು. ನೀವು ಹೋಗೋ ಜಾಗಕ್ಕೆ ಟಿಕೆಟ್ ಬೇಕಾ ಅಂತ ಮೊದಲೇ ನೋಡ್ಕೊಳ್ಳಿ, ಗೇಟ್ ತನಕ ಬಂದು ವಾಪಸ್ ಹೋಗೋವಾಗ ಮಕ್ಕಳ ಮುಖ ನೋಡೋಕಾಗಲ್ಲ.

ಕಾಲದ ವಿಷಯ. ಜೂನಿಂದ ಸೆಪ್ಟೆಂಬರ್ ಉಂಬಳ, ಅಂದ್ರೆ ಕಾಡಿನ ಜಿಗಣೆ. ಮಕ್ಕಳು ಹೆದರೋದು ರಕ್ತ ನೋಡಿ, ಅದಕ್ಕೆ ಹೊರಡೋ ಮುಂಚೆನೇ ಒಂದನ್ನ ನನ್ನ ಬೆರಳ ಮೇಲೆ ಬಿಟ್ಕೊಂಡು ತೋರಿಸ್ತೀನಿ, ಅದು ಹೇಗೆ ತಲೆ ಎತ್ತಿ ಹುಡುಕುತ್ತೆ ಅಂತ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಹಿರುಡಿನ್ ಅದರ ಎಂಜಲಲ್ಲಿರುತ್ತೆ, ಅದಕ್ಕೇ ಸ್ವಲ್ಪ ಹೊತ್ತು ಸೋರುತ್ತೆ ಅಷ್ಟೇ, ಒತ್ತಿ ಹಿಡಿದ್ರೆ ನಿಲ್ಲುತ್ತೆ ಅಂತ ಹೇಳಿದ್ರೆ ಅರ್ಧ ಭಯ ಹೋಗುತ್ತೆ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ಬೋಳು ಏರಿನ ಮೇಲೆ ಆ ಹೊತ್ತಲ್ಲಿ ಇರಲೇಬಾರದು.

ಉಂಬಳ ಇಲ್ಲ, ಮಳೆ ಇಲ್ಲ ಅಂತ ಎಲ್ಲರೂ ಬರೋದು ಡಿಸೆಂಬರ್ ಮೇಲೆ. ಅದೇ ಮಂಗನ ಕಾಯಿಲೆ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ ಅಂತಾರೆ, ಹರಡೋದು ಉಣುಗಿಂದ, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಉಣ್ಣೆಯಿಂದ, ಡಿಸೆಂಬರಿಂದ ಮೇ ತನಕ ಜಾಸ್ತಿ. ಉಣುಗಿನ ಮರಿ ಎಷ್ಟು ಸಣ್ಣ ಅಂದ್ರೆ ಸಾಸಿವೆ ಕಾಳಿಗಿಂತ ಚಿಕ್ಕದು. ಹೋಗೋ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅಲ್ಲಿನ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ, ಈ ಸಲ ಕೇಸ್ ಬಂದಿದೆಯಾ, ಮಂಗ ಸತ್ತಿದೆಯಾ ಕೇಳಿ, ಹೌದು ಅಂದ್ರೆ ಬೇರೆ ಜಾಗ ನೋಡಿ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚೋ ಡೆಪಾ ಎಣ್ಣೆ ಬಗ್ಗೆ, ನಿಮ್ಮ ಮಗುವಿನ ವಯಸ್ಸಿಗೆ ಹಚ್ಚಬಹುದಾ ಅಂತಲೂ ಅಲ್ಲೇ ಕೇಳಿ. ತಿಳಿ ಬಣ್ಣದ ಉದ್ದ ಪ್ಯಾಂಟ್, ಪ್ಯಾಂಟನ್ನ ಸಾಕ್ಸ್ ಒಳಗೆ ತೂರಿಸಿ. ತರಗೆಲೆ ಮೇಲೆ ಮಕ್ಕಳನ್ನ ಮಲಗಿಸ್ಬೇಡಿ, ಊಟಕ್ಕೆ ಬಂಡೆ ಮೇಲೆ ಚಾಪೆ ಹಾಕಿ ಕೂರಿಸಿ.

ಸಂಜೆ ರೂಮಿಗೆ ಬಂದ ತಕ್ಷಣ ಬಟ್ಟೆ ಬದಲಾಯಿಸಿ ಬಿಸಿನೀರಲ್ಲಿ ಸ್ನಾನ ಮಾಡ್ಸಿ, ಕಂಕುಳು, ತೊಡೆ ಸಂದಿ, ಕಿವಿ ಹಿಂದೆ, ಕೂದಲ ಬುಡ ಟಾರ್ಚ್ ಹಾಕಿ ನೋಡಿ. ಕಚ್ಕೊಂಡಿದ್ರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ನಿಧಾನ ಎಳೀರಿ, ಬೆರಳಲ್ಲಿ ಜಜ್ಜಬೇಡಿ. ಬೆಂಗಳೂರಿಗೆ ವಾಪಸ್ ಹೋಗಿ ಒಂದೆರಡು ವಾರದ ಒಳಗೆ ಮಗುವಿಗೆ ಜ್ವರ ಬಂದ್ರೆ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ, ಮಲೆನಾಡಿನ ಕಾಡಿಗೆ ಹೋಗಿದ್ವಿ, ಇಂಥ ಊರು, ಇಂಥ ತಾರೀಕು ಅಂತ. ಆ ಚೀಟಿ ಹಿಂದೆನೇ ತಾರೀಕು ಬರೆದಿಟ್ಕೊಂಡಿರಿ.