ಮುಟ್ಟಿಬಿಟ್ಟಿದ್ದೀರಾ? ಪರವಾಗಿಲ್ಲ, ವಾಪಸ್ ಇಡಿ

ಮಂಡ್ಯ, ಮೈಸೂರು ಕಡೆ ಕಬ್ಬು ಕಟಾವು ಶುರುವಾಯಿತು ಅಂದರೆ ನನ್ನಂಥ ವನ್ಯಜೀವಿ ವೈದ್ಯರ ಫೋನಿಗೆ ಬಿಡುವಿರಲ್ಲ. "ಸಾರ್, ಚಿರತೆ ಮರಿ ಸಿಕ್ಕಿವೆ, ಈಗಷ್ಟೇ ಕಣ್ಣು ಬಿಟ್ಟಿವೆ." ಎಲ್ಲಿವೆ ಅಂತ ಕೇಳಿದರೆ, "ನಮ್ಮನೆ ಜಗುಲಿ ಮೇಲೆ, ಮಂಕರಿ ಒಳಗೆ. ಹಾಲು ಕುಡಿಸ್ತಾ ಇದ್ದೀವಿ." ಪಾಪ, ಒಳ್ಳೆ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೆ ಅಷ್ಟು ಹೊತ್ತಿಗೆ ನಮ್ಮ ಕೆಲಸ ಎರಡು ಪಟ್ಟಾಗಿರುತ್ತದೆ.

ಹೋದ ಮೇಲೆ ಅರ್ಧದಷ್ಟು ಸಲ ಅವು ಚಿರತೆ ಮರಿಗಳೇ ಆಗಿರುವುದಿಲ್ಲ, ಕಾಡುಬೆಕ್ಕಿನ ಮರಿಗಳು. ಅದಕ್ಕೂ ಕಬ್ಬಿನ ಗದ್ದೆ ಅಂದರೆ ಇಷ್ಟ, ಅದರ ಮರಿಗೂ ಚಿಕ್ಕಂದಿನಲ್ಲಿ ಮೈಮೇಲೆ ಮಸುಕಾದ ಪಟ್ಟೆ, ಚುಕ್ಕೆ ಇರುತ್ತವೆ. ಚಿರತೆ ಮರಿಯ ಪಾದ ಮೈಗೆ ಹೋಲಿಸಿದರೆ ದಪ್ಪ, ಚುಕ್ಕೆ ಒತ್ತೊತ್ತಾಗಿ ಎದ್ದು ಕಾಣುತ್ತವೆ. ಯಾವುದೇ ಆಗಲಿ, ಮಾಡಬೇಕಾದ್ದು ಒಂದೇ ಆದ್ದರಿಂದ ಈ ಜಗಳ ಬಿಡೋಣ.

ಚಿರತೆಗೆ ಕಬ್ಬಿನ ಗದ್ದೆಯೂ ಒಂದು ಕಾಡೇ. ವರ್ಷದ ಬಹುಭಾಗ ಆಳೆತ್ತರದ ಮರೆ, ಪಕ್ಕದಲ್ಲೇ ನಾಲೆ ನೀರು, ಊರ ನಾಯಿ, ಹಂದಿ. ಇಷ್ಟಿದ್ದರೆ ಇನ್ನೇನು ಬೇಕು? ಅದು ಅಲ್ಲೇ ಎರಡೋ ಮೂರೋ ಮರಿ ಹಾಕುತ್ತದೆ. ಕಟಾವಿನವರು ಒಂದು ಕಡೆಯಿಂದ ಕಡಿಯುತ್ತಾ ಬಂದಾಗ ಗದ್ದಲಕ್ಕೆ ತಾಯಿ ಸರಿದು ಹೋಗುತ್ತದೆ, ನಡೆಯಲಾರದ ಮರಿಗಳು ಸೋಗೆ ನಡುವೆ ಉಳಿಯುತ್ತವೆ. ನೋಡಿದವರಿಗೆ ತಾಯಿ ಬಿಟ್ಟು ಹೋಯಿತು ಅನ್ನಿಸುತ್ತದೆ. ಬಿಟ್ಟಿಲ್ಲ ಮಾರಾಯ್ರೇ, ಹೆಚ್ಚಾಗಿ ಅದು ಪಕ್ಕದ ಗದ್ದೆಯಲ್ಲೇ ಕೂತಿರುತ್ತದೆ, ಕತ್ತಲಾಗಲಿ ಅಂತ ಕಾಯುತ್ತಾ. ಇತ್ತ ನಾವೂ ತಾಯಿ ಬರುತ್ತದೋ ಇಲ್ಲವೋ ನೋಡೋಣ ಅಂತ ಇನ್ನೂರು ಜನ ಮೊಬೈಲ್ ಹಿಡಿದು ಸುತ್ತ ನಿಂತಿರುತ್ತೇವೆ. ಎಲ್ಲಿಂದ ಬರಬೇಕು ಅದು?

ಕಳೆದೊಂದು ಕಟಾವಿನಲ್ಲಿ ಹೀಗೇ ಆಯಿತು. ನಾನು ಹೋಗುವಷ್ಟರಲ್ಲಿ ಸಂಜೆ ನಾಲ್ಕೂವರೆ. ಎರಡು ಮರಿ, ಊರಿನ ಮಕ್ಕಳೆಲ್ಲ ಎತ್ತಿಕೊಂಡು ಸೆಲ್ಫಿ ತೆಗೆದಾಗಿತ್ತು. ಗದ್ದೆ ಯಜಮಾನರು ಕೇಳಿದರು, "ಐವತ್ತು ಜನ ಮುಟ್ಟವ್ರೆ ಸಾರ್, ಇನ್ನು ತಾಯಿ ಸೇರಿಸ್ತದಾ? ನೀವೇ ತಗೊಂಡೋಗಿ."

ಈ ಮಾತು ನನಗೆ ವಾರಕ್ಕೊಮ್ಮೆಯಾದರೂ ಕೇಳಿಸುತ್ತದೆ. ಮನುಷ್ಯ ಮುಟ್ಟಿದ ಗುಬ್ಬಚ್ಚಿಯನ್ನು ಬೇರೆ ಗುಬ್ಬಚ್ಚಿಗಳು ಕುಕ್ಕಿ ಸಾಯಿಸುತ್ತವೆ ಅಂತ ನನ್ನಜ್ಜಿಯೂ ಹೇಳುತ್ತಿದ್ದರು. ಮುಟ್ಟದಿರಲಿ ಅಂತ ಮಕ್ಕಳಿಗೆ ಹೆದರಿಸಲು ಒಳ್ಳೆಯದೇ. ತೊಂದರೆ ಏನೆಂದರೆ, ಒಮ್ಮೆ ಮುಟ್ಟಿದ ಮೇಲೆ ಅದೇ ಮಾತು ಮರಿಗೆ ಮುಳುವಾಗುತ್ತದೆ. ಹೇಗೂ ಮುಟ್ಟಾಯಿತು, ಇನ್ನು ತಾಯಿ ಸೇರಿಸಲ್ಲ, ಮನೆಗೇ ಒಯ್ಯೋಣ ಅನ್ನುವ ಲೆಕ್ಕ. ನಮ್ಮ ಕೈ ವಾಸನೆಗಾಗಿ ತಾಯಿ ಚಿರತೆ ಮರಿಯನ್ನು ಬಿಡುವುದಿಲ್ಲ. ಮಹಾರಾಷ್ಟ್ರದ ಜುನ್ನರ್ ಸುತ್ತಿನ ಕಬ್ಬಿನ ಸೀಮೆಯಲ್ಲಿ ಹೀಗೆ ಸಿಕ್ಕ ಮರಿಗಳನ್ನು ವೈದ್ಯರು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ, ವಾಪಸ್ ಇಟ್ಟು, ತಾಯಿ ಬಂದು ಒಯ್ಯುವುದನ್ನು ಕ್ಯಾಮೆರಾದಲ್ಲಿ ಎಷ್ಟೋ ಸಲ ಸೆರೆ ಹಿಡಿದಿದ್ದಾರೆ. ಹಕ್ಕಿಗಳದೂ ಅಷ್ಟೇ. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ಗೂಡಿಗಿಟ್ಟರೆ ತಾಯಿ ತುತ್ತು ಕೊಡುತ್ತದೆ.

ಹಾಲಿನ ವಿಷಯಕ್ಕೆ ಬರುತ್ತೇನೆ. ಹಸುವಿನ ಹಾಲು ಚಿರತೆ ಮರಿಗೆ ಒಗ್ಗಲ್ಲ, ಭೇದಿ ಶುರುವಾಗುತ್ತದೆ. ಅರ್ಧ ಕೆಜಿ, ಒಂದು ಕೆಜಿ ತೂಕದ ಜೀವಕ್ಕೆ ಒಂದು ದಿನದ ಭೇದಿ ಸಾಕು. ಅದಕ್ಕಿಂತ ಕೆಟ್ಟದ್ದು ಕುಡಿಸುವ ರೀತಿ. ನಮ್ಮ ಕೂಸನ್ನು ಮಲಗಿಸಿಕೊಂಡ ಹಾಗೆ ಬೆನ್ನ ಮೇಲೆ ಮಲಗಿಸಿ ಬಾಟಲಿ ಇಡುತ್ತಾರೆ, ಹಾಲು ಶ್ವಾಸಕೋಶಕ್ಕೆ ಹೋಗಿ ಎರಡು ದಿನದಲ್ಲಿ ನ್ಯುಮೋನಿಯಾ. ಇಂಥ ಮರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಗೊರಗೊರ ಸದ್ದು ನನಗೆ ಚೆನ್ನಾಗಿ ಗುರುತು. ಹಸಿದು ಅಳಲಿ ಬಿಡಿ. ಆ ಅಳು ಕೇಳಿಯೇ ತಾಯಿ ಹುಡುಕಿ ಬರುವುದು.

ಸರಿ, ಆ ಸಂಜೆ ಮರಿಗಳ ಮೈ ನೋಡಿದೆ, ರಕ್ತ ಹೀರುವ ಉಣ್ಣೆ ಹುಳ ಬಿಟ್ಟರೆ ಬೇರೇನಿಲ್ಲ. ಮುಚ್ಚಳವಿಲ್ಲದ ಟೊಮೇಟೊ ಕ್ರೇಟಿನಲ್ಲಿ ಸೋಗೆ ಹಾಸಿ, ಸಿಕ್ಕಿದ್ದ ಜಾಗದಲ್ಲೇ ಇಟ್ಟೆವು. ಮರಿ ಹತ್ತಿ ಬರಬಾರದು, ತಾಯಿ ಸುಲಭವಾಗಿ ಉರುಳಿಸಬೇಕು, ಅದಕ್ಕೆ ಕ್ರೇಟು. ಇನ್ನೂ ಕಡಿಯದೆ ಉಳಿದಿದ್ದ ನಾಲ್ಕು ಸಾಲು ಕಬ್ಬನ್ನು ಹಾಗೇ ಬಿಡಿ ಅಂದಾಗ ಯಜಮಾನರ ಮುಖ ಸಣ್ಣಗಾಯಿತು. ಫ್ಯಾಕ್ಟರಿ ಪರ್ಮಿಟ್ ಬಂದಿದೆ, ಲಾರಿ ನಿಂತಿದೆ, ಕಟಾವಿನವರಿಗೆ ಕೂಲಿ ಕೊಡಬೇಕು. ಅವರ ಸಂಕಟ ಸುಳ್ಳಲ್ಲ. ಇನ್ನೊಬ್ಬರು ನೇರವಾಗಿಯೇ ಹೇಳಿದರು, "ದೊಡ್ಡದಾಗಿ ನಮ್ಮ ಕುರಿ ಹಿಡೀತವೆ, ಒಯ್ದುಬಿಡಿ." ನಾನು ಹೇಳಿದ್ದಿಷ್ಟು: ಮರಿ ಒಯ್ದರೂ ತಾಯಿ ಇಲ್ಲೇ ಇರುತ್ತೆ, ರಾತ್ರಿಯೆಲ್ಲ ಇದೇ ಗದ್ದೆ ಸುತ್ತ ಹುಡುಕುತ್ತೆ, ನೀವು ನೀರು ಹಾಯಿಸೋಕೆ ಬರೋದು ಅದೇ ಹೊತ್ತಿಗೆ ಅಲ್ವಾ? ಅದಕ್ಕೆ ಅವರು ಸುಮ್ಮನಾದರು. ಒಯ್ದ ಮರಿಗಳ ಕಥೆಯೂ ಅಷ್ಟೇ. ಬೇಟೆ ಕಲಿಯಲು ಅವು ಒಂದೂವರೆ ವರ್ಷದಷ್ಟು ತಾಯಿ ಜೊತೆ ಓಡಾಡಬೇಕು. ಬಾಟಲಿ ಹಾಲು ಕುಡಿದು, ಮನುಷ್ಯರ ಭಯವಿಲ್ಲದೆ ಬೆಳೆದದ್ದನ್ನು ಕಾಡಿಗೆ ಬಿಡಲಾಗದು, ಬದುಕಿರುವಷ್ಟು ಕಾಲ ಪಂಜರವೇ ಗತಿ.

ಹಾಗಾದರೆ ಎತ್ತಲೇಬಾರದಾ? ಎತ್ತಬೇಕಾದ ಸಂದರ್ಭವೂ ಇದೆ. ಗಾಯವಾಗಿದ್ದರೆ, ಮೈಮೇಲೆ ನೊಣ ಮುತ್ತಿ ಹುಳ ಬಿದ್ದಿದ್ದರೆ, ನಾಯಿ ಕಚ್ಚಿದ್ದರೆ, ತಾಯಿ ಪಕ್ಕದಲ್ಲೇ ಸತ್ತಿದ್ದರೆ. ಆಗಲೂ ಬರಿಗೈ ಬೇಡ, ದಪ್ಪ ಬಟ್ಟೆ ಹಾಕಿ ರಟ್ಟಿನ ಪೆಟ್ಟಿಗೆಗೆ ಇಳಿಸಿ, ಕತ್ತಲಲ್ಲಿಡಿ, ಬಾಯಿಗೇನೂ ಹಾಕಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ. ಮರಿ ಅಲ್ವಾ, ಅದಕ್ಕೇನು ರೋಗ ಅನ್ನಬೇಡಿ. ಸಾಕಿಕೊಳ್ಳುವ ಆಸೆ ಇದ್ದವರಿಗೆ ಒಂದು ಮಾತು: 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯಲ್ಲಿದೆ, ಜೈಲು 3ರಿಂದ 7 ವರ್ಷ.

ಜಿಂಕೆ ಮರಿ, ಮೊಲದ ಮರಿ ಹುಲ್ಲಲ್ಲಿ ಅಲ್ಲಾಡದೆ ಮಲಗಿದ್ದರೆ ಅದು ಅನಾಥವಲ್ಲ, ಬಚ್ಚಿಟ್ಟುಕೊಂಡಿದೆ. ನೋಡಿ, ನಡೆದುಬಿಡಿ.

ಆ ರಾತ್ರಿ ಎಲ್ಲರನ್ನೂ ಊರಿಗೆ ಕಳಿಸಿ, ಕ್ಯಾಮೆರಾ ಕಟ್ಟಿ, ನಾವೂ ದೂರ ಜೀಪಿನಲ್ಲಿ ಕೂತೆವು. ಬೆಳಿಗ್ಗೆ ನೋಡಿದರೆ ಕ್ರೇಟು ಮಗುಚಿ ಬಿದ್ದಿತ್ತು. ತಾಯಿ ಒಂಬತ್ತು ಗಂಟೆ ಸುಮಾರಿಗೇ ಬಂದು ಒಂದನ್ನು ಕಚ್ಚಿಕೊಂಡು ಹೋಗಿತ್ತು, ಎರಡನೆಯದಕ್ಕೆ ಬಂದದ್ದು ನಸುಕಿನ ಮೂರಕ್ಕೆ. ಆ ಆರು ಗಂಟೆ ಒಂಟಿ ಮರಿ ಕೂಗುತ್ತಲೇ ಇತ್ತು. ಹೋಗಿ ಎತ್ತಿಕೊಂಡು ಬರೋಣ ಅಂತ ನನಗೇ ಎರಡು ಸಲ ಅನ್ನಿಸಿತ್ತು.

ಫೋಟೋ ತೋರಿಸಿದಾಗ ಯಜಮಾನರು ಕೇಳಿದರು, "ಈಗ ಎಲ್ಲವ್ವೆ ಸಾರ್?" ಪಕ್ಕದ ಗದ್ದೆಯ ಕಡೆ ಕೈ ತೋರಿಸಿ, ಅದರ ಕಟಾವು ಯಾವಾಗ ಅಂತ ಕೇಳಿದೆ.

"ಸೋಮವಾರ" ಅಂದರು.